ಸೀಸ ಇಳಿಸಿದ ಮೇಲೆ

ಯಾರನ್ನು ಕಂಡರೂ ಮೊದಲು ತೂಕ ಹೇಳಿ ಆಮೇಲೆ ಕ್ಷೇಮ ವಿಚಾರಿಸುವುದು ಅತ್ತೆಯ ಪದ್ಧತಿ. ಬಂದರಿನಲ್ಲಿ ಕ್ರೇನ್ ನಡೆಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ಆಕೆ. ಆಕಾಶದಲ್ಲಿ ತೂಗುವ ಗಾಜಿನ ಗೂಡೊಳಗೆ ಕೂತು ಲಾರಿಗಳನ್ನು, ಕಬ್ಬಿಣದ ಕೊಳವೆಗಳನ್ನು, ಒಮ್ಮೆ ಮೃಗಾಲಯಕ್ಕೆ ಹೊರಟಿದ್ದ ನೀರಾನೆಯೊಂದನ್ನು ಹಡಗಿನಿಂದ ನೆಲಕ್ಕೆ ಇಳಿಸಿದವಳಿಗೆ, ನೆಲದ ಮೇಲೆ ಓಡಾಡುವ ಜನ ಮೂಟೆ ಕಟ್ಟಿದ ಸಾಮಾನಿನ ಹಾಗೆ ಕಂಡರೆ ಅದು ಅವಳ ತಪ್ಪಲ್ಲ. ಅಣ್ಣನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಾಗ ಆಸ್ಪತ್ರೆಯ ತೊಟ್ಟಿಲಿಗೆ ಬಗ್ಗಿ ನೋಡಿ, "ಒಂದೂ ಮುಕ್ಕಾಲು" ಎಂದಳು. ದಾದಿ ತಕ್ಕಡಿಯಲ್ಲಿಟ್ಟು ನೋಡಿ ಹೌದೆಂದಳು. ಕಾಲಕ್ರಮದಲ್ಲಿ ಒಂದು ಉದುರಿಹೋಗಿ ಮುಕ್ಕಾಲು ಎಂಬ ಹೆಸರು ಉಳಿಯಿತು. ಈಗ ಮುಕ್ಕಾಲಿಗೆ ಸ್ವಂತ ಕನ್ನಡಕದಂಗಡಿ ಇದೆ, ದರ್ಜಿಯಾದ ಗಂಡನಿದ್ದಾನೆ, ಎತ್ತರದಲ್ಲಿ ಅತ್ತೆಯನ್ನು ಎಂದೋ ದಾಟಿದ್ದಾಳೆ. ಆದರೂ ಕಣ್ಣು ತೋರಿಸಲು ಬರುವ ಬಂದರಿನ ಮುದುಕರೆಲ್ಲ ಅಂಗಡಿ ಬಾಗಿಲಲ್ಲಿ ನಿಂತು ಮುಕ್ಕಾಲಮ್ಮ ಇದ್ದಾರಾ ಎಂದೇ ಕೇಳುತ್ತಾರೆ.

ಗಂಡನನ್ನು ಮೊದಲ ಸಲ ಅತ್ತೆಯ ಮುಂದೆ ನಿಲ್ಲಿಸಿದಾಗ ಅವಳು ಅವನನ್ನೊಂದು ಸುತ್ತು ಬಂದು, "ಎಂಬತ್ತೇಳು. ಹೆಚ್ಚಿನದು ಸೊಂಟದ ಕೆಳಗೆ. ಒಳ್ಳೇದು, ಬೀಳೋ ಪೈಕಿ ಅಲ್ಲ" ಎಂದಿದ್ದಳು. ದರ್ಜಿ ಅದನ್ನು ಆಶೀರ್ವಾದವೆಂದೇ ತೆಗೆದುಕೊಂಡ.

ಅತ್ತೆಗೂ ಮುಕ್ಕಾಲಿಗೂ ಸೇರಿ ಒಂದು ಹಾಯಿದೋಣಿ ಇತ್ತು. ಎಷ್ಟು ಪುಟ್ಟದೆಂದರೆ, ಕ್ಯಾಬಿನ್ನಿನಲ್ಲಿ ಎಡಕ್ಕೊಂದು ಬಲಕ್ಕೊಂದು ಮಂಚ, ನಡುವೆ ಮಡಿಸುವ ಮೇಜು, ಮೂಲೆಯಲ್ಲಿ ಒಂದು ಒಲೆ; ಒಬ್ಬರು ಅಂಗಿಗೆ ತೋಳು ತೂರಿಸುವಾಗ ಇನ್ನೊಬ್ಬರು ಹೊರಗೆ ಹೋಗಬೇಕು. ಮುಕ್ಕಾಲು ಸೈಕಲ್ಲಿಗಿಂತ ಮೊದಲು ಚುಕ್ಕಾಣಿ ಕಲಿತದ್ದು ಇದರಲ್ಲೇ. ಪ್ರತಿ ಬೇಸಿಗೆ ಇಬ್ಬರೂ ದೀಪಸ್ತಂಭವಿರುವ ದ್ವೀಪಕ್ಕೆ ಹೋಗಿ ಲಂಗರು ಹಾಕಿ, ಬೇಜಾರಾಗುವವರೆಗೂ ಇದ್ದು ಬರುತ್ತಿದ್ದರು. ಬೇಜಾರು ಎಂದೂ ಆದದ್ದಿಲ್ಲ. ಕುಡಿಯುವ ನೀರು ಮುಗಿಯುತ್ತಿತ್ತು.

ಆಮೇಲೆ ಅತ್ತೆಯ ಬದುಕಿಗೆ ಯಂತ್ರ ಬಂತು. ನಿದ್ದೆಯಲ್ಲಿ ಅವಳ ಉಸಿರು ನಿಂತು ನಿಂತು ಹೊರಡುತ್ತದೆ, ಹೀಗೇ ಬಿಟ್ಟರೆ ಒಂದು ದಿನ ಹೊರಡುವುದನ್ನು ಮರೆತೀತು ಎಂದು ಡಾಕ್ಟರು ಮುಖಕ್ಕೊಂದು ಮುಖವಾಡ, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಗಾಳಿ ಊದುವ ಸಣ್ಣ ಪೆಟ್ಟಿಗೆ ಕೊಟ್ಟರು. ಮಲಗಿದಾಗಲೆಲ್ಲ ಅದು ನಡೆಯುತ್ತಲೇ ಇರಬೇಕು. ಹೋದ ಬೇಸಿಗೆ ಅದನ್ನೂ ದ್ವೀಪಕ್ಕೆ ಹೊತ್ತೊಯ್ದರು. ಯಂತ್ರ ರಾತ್ರಿಯೆಲ್ಲ ದೋಣಿಯ ಮುದಿ ಬ್ಯಾಟರಿಗಳನ್ನು ಹೀರಿ ಹಿಪ್ಪೆ ಮಾಡಿತು. ಬೆಳಗ್ಗೆ ಎಂಜಿನ್ನಿನ ಕೀಲಿ ತಿರುಗಿಸಿದರೆ ಟಿಕ್ ಎಂಬ ಸದ್ದೊಂದು ಬಿಟ್ಟು ಬೇರೇನೂ ಬರಲಿಲ್ಲ. ಗಾಳಿಯೂ ಬಿದ್ದುಹೋಗಿತ್ತು. ಕೊನೆಗೆ ಅವರನ್ನು ಎಳೆದು ತಂದದ್ದು ಹಂಸದ ಆಕಾರದ ಒಂದು ವಿಹಾರದೋಣಿ. ಪ್ರವಾಸಿಗಳನ್ನು ತುಂಬಿಕೊಂಡು, ಹಾಡು ಹಾಕಿಕೊಂಡು ಸುತ್ತುವಂಥದು. ಹಂಸದ ಬಾಲಕ್ಕೆ ಹಗ್ಗ, ಹಗ್ಗದ ತುದಿಗೆ ಅತ್ತೆ. ಪ್ರವಾಸಿಗಳು ದಾರಿಯುದ್ದಕ್ಕೂ ಕೈ ಬೀಸಿದರು, ಫೋಟೋ ತೆಗೆದರು, ಒಬ್ಬ ಬಾಳೆಹಣ್ಣು ಎಸೆದ. ಅತ್ತೆ ಹಂಸಕ್ಕೆ ಬೆನ್ನು ತಿರುಗಿಸಿ ಕೂತವಳು ದೋಣಿ ಕಟ್ಟುವ ಧಕ್ಕೆ ಮುಟ್ಟುವವರೆಗೆ ಹಾಗೇ ಕೂತಿದ್ದಳು. ಕೆಳಗಿಳಿದು ಹೇಳಿದ್ದು ಇಷ್ಟು: "ಇದೇ ಕೊನೆ ಕಣೇ. ನಾನು ಎತ್ತಿದವಳು. ಎಳೆಸಿಕೊಳ್ಳೋ ಸಾಮಾನು ಆಗಲ್ಲ."

ಈ ಬೇಸಿಗೆ ಬರುವ ಹೊತ್ತಿಗೆ ಅತ್ತೆ ಫೋನು ಮಾಡಿ, ಭಾನುವಾರ ಬಂದು ದೋಣಿಯಲ್ಲಿರುವ ತನ್ನ ದಿಂಬು, ಕಂಬಳಿ, ಮಳೆಯಂಗಿ ಎಲ್ಲ ತೆಗೆದುಕೊಂಡು ಹೋಗುತ್ತೇನೆ ಎಂದಳು. ಆಮೇಲೆ ದೋಣಿಯನ್ನು ಯಾರಿಗೆ ಬೇಕಾದರೂ ಕೊಡು ಎಂದೂ ಸೇರಿಸಿದಳು. ಮುಕ್ಕಾಲು ಆಯಿತೆಂದು ಹೇಳಿ ಫೋನಿಟ್ಟು, ಎದುರಿಗೆ ಕೂತಿದ್ದ ಗಿರಾಕಿಯ ಬಲಗಣ್ಣಿನ ನಂಬರನ್ನು ಎಡಗಣ್ಣಿಗೆ ಬರೆದಳು. ಅತ್ತೆಯಿಲ್ಲದ ದೋಣಿ ಎಂದರೆ ಏನೆಂದು ಅವಳಿಗೆ ಊಹಿಸಲೂ ಬರಲಿಲ್ಲ. ಅವತ್ತು ಸಂಜೆಯೇ ಗಂಡನೆದುರು ನಿಂತು, ಭಾನುವಾರದೊಳಗೆ ಬ್ಯಾಟರಿ ಬದಲಾಯಿಸಬೇಕು, ನೀವು ಕೈ ಹಾಕಬೇಕು ಎಂದಳು. ದರ್ಜಿಗೆ ಕರೆಂಟಿನ ವಿಷಯದಲ್ಲಿ ಗೊತ್ತಿದ್ದದ್ದು ಸ್ವಿಚ್ಚು ಒಂದೇ. ಆದರೆ ಕತ್ತರಿಸುವುದು, ಜೋಡಿಸುವುದು, ಮೇಲೆ ಚೆಂದ ಕಾಣಿಸುವುದು ಎಲ್ಲಾದರೂ ಒಂದೇ ಅಲ್ಲವೇ ಎಂದು ಅವನು ಟೇಪು ಕೊರಳಿಗೆ ಹಾಕಿಕೊಂಡು ಹೊರಟ.

ಎಡ ಮಂಚದ ಕೆಳಗೆ ನಾಲ್ಕು ಸೀಸದ ಬ್ಯಾಟರಿಗಳಿದ್ದವು. ಒಂದೊಂದೂ ಮುನಿಸಿಕೊಂಡ ಮಗುವಿನಂತೆ ನೆಲ ಕಚ್ಚಿ ಕೂತಿತ್ತು. ಗಂಡ ಹೆಂಡತಿ ಒಂದನ್ನು ಏಣಿಯ ಮೇಲೆ ತರುವಷ್ಟರಲ್ಲಿ ಎರಡು ಸಲ ಜಗಳವಾಡಿ ಒಂದು ಸಲ ರಾಜಿಯಾದರು. ಪಕ್ಕದ ದೋಣಿಯ ಕ್ಯಾಪ್ಟನ್ ಮೇಲಿನಿಂದ ಸಲಹೆ ಕೊಡುತ್ತಿದ್ದ. ಆತ ಬಿಳಿ ಅಂಗಿ, ಚಿನ್ನದ ಪಟ್ಟಿಯ ಟೋಪಿ ತೊಟ್ಟ ನಿವೃತ್ತ ಗ್ರಂಥಪಾಲಕ. ಅವನ ದೋಣಿಯ ಹಗ್ಗ ಬಿಚ್ಚಿದ್ದನ್ನು ಕಂಡವರಿಲ್ಲ. ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ ಎನ್ನುತ್ತಾ ತಾನು ಎರಡನ್ನೂ ಬಗ್ಗಿಸದೆ ನಿಂತಿದ್ದ.

ಹೊಸ ಲಿಥಿಯಂ ಬ್ಯಾಟರಿ ಮಾತ್ರ ಬೇರೆ ಕುಲದ್ದು. ನಾಲ್ಕು ಸೀಸದವುಗಳಿಗಿಂತ ಹೆಚ್ಚು ಕರೆಂಟು ಹಿಡಿದೂ ಒಂದರಷ್ಟೂ ತೂಕವಿರಲಿಲ್ಲ. ದರ್ಜಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದೇ ಕೈಯಲ್ಲಿ ಏಣಿ ಇಳಿದು ಬಂದ. ಎಂಜಿನ್ನಿಗೆಂದೇ ಬೇರೊಂದು ಪುಟ್ಟ ಬ್ಯಾಟರಿ ಇಟ್ಟರು; ಇನ್ನು ಮೇಲೆ ಯಂತ್ರ ಎಷ್ಟು ಹೀರಿದರೂ ಎಂಜಿನ್ನಿನ ಪಾಲು ಎಂಜಿನ್ನಿಗೆ. ಚಾವಣಿಯ ಮೇಲೆ ಸೋಲಾರ್ ಹಲಗೆ, ಒಳಗೆ ಇನ್ವರ್ಟರ್, ಗೋಡೆಗೆ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರು. ಯಾವ ತಂತಿ ಎಲ್ಲಿಗೆ ಎಂಬುದನ್ನು ಮುಕ್ಕಾಲು ಲೆನ್ಸಿನ ನಂಬರಿನಷ್ಟೇ ಕಟ್ಟುನಿಟ್ಟಾಗಿ ನೋಡಿ ನೋಡಿ ಹೇಳಿದಳು, ಕತ್ತರಿ ಗಂಡನದು. ಅಳತೆಗೆ ಸರಿಯಾಗಿ ಕತ್ತರಿಸುವುದು ಹೊಸಬರ ಲಕ್ಷಣ, ಗಿರಾಕಿ ನಾಳೆ ದಪ್ಪಗಾದರೆ ಏನು ಮಾಡುತ್ತಾರೆ ಎಂಬುದು ಅವನ ವಾದ. ಹಾಗಾಗಿ ಬೆರಳು ದಪ್ಪದ ತಾಮ್ರದ ಕೇಬಲ್ಲಿಗೂ ಎರಡು ಮೊಳ ಅಂಚು ಬಿಟ್ಟು, ಮಿಕ್ಕಿದ್ದನ್ನು ಸಿಂಬಿ ಸುತ್ತಿ ಮಂಚದ ಕೆಳಗೆ ಇಟ್ಟ. ಮೇಲೆ ಹತ್ತಿಯ ಒಂದು ಚೀಲವನ್ನೂ ಹೊಲಿದು ತೊಡಿಸಿದ.

ಭಾನುವಾರ ಬೆಳಗ್ಗೆ ಕೊನೆಯ ಫ್ಯೂಸ್ ಕೂರಿಸಿ ಮುಕ್ಕಾಲು ಸ್ವಿಚ್ಚು ಒತ್ತಿದಳು. ಮೀಟರು ನೂರು ಎಂದಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆಯ ಆಳ್ವಿಕೆಯಲ್ಲಿ ಈ ದೋಣಿಯಲ್ಲಿ ಒಂದು ದೀಪ ಹತ್ತಿದರೆ ಇನ್ನೊಂದು ಆರಬೇಕಿತ್ತು. ಮೂತ್ರಕ್ಕೆ ಹೋಗುವವರೂ ನಕ್ಷತ್ರ ನೋಡಿಕೊಂಡು ಹೋಗಬೇಕಿತ್ತು. ಈಗ ಹಾಡಹಗಲಿನಲ್ಲಿ ಅವಳು ಒಂದೊಂದೇ ದೀಪ ಹಚ್ಚಿದಳು. ಎಲ್ಲ ಹಚ್ಚಿದಳು. ಫ್ಯಾನು ಹಾಕಿದಳು, ಪುಟ್ಟ ಫ್ರಿಜ್ಜು ಹಾಕಿದಳು, ಫೋನು ಚುಚ್ಚಿದಳು, ಇನ್ನೇನೂ ಸಿಗದೆ ಗಂಡನ ಗಡ್ಡ ಹೆರೆಯುವ ಮೆಷಿನ್ನನ್ನು ಸುಮ್ಮನೆ ಗುಂಯ್ ಎನಿಸಿ ಮೇಜಿನ ಮೇಲಿಟ್ಟಳು. ಮೀಟರು ನೂರೇ ಎಂದಿತು. ದರ್ಜಿ ಮಂಚದ ಹೊಸ ದಿಂಬಿನ ಹೊದಿಕೆಗಳ ಸುಕ್ಕು ತೆಗೆಯಲು ಅಂಗಡಿಯಿಂದ ತಂದಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿ, ಸುಕ್ಕೇ ಇಲ್ಲದ ತನ್ನ ಕರವಸ್ತ್ರದ ಮೇಲೆ ಎಳೆದ. ಇಬ್ಬರಿಗೂ ಕುಡಿದವರ ಹಾಗೆ ನಗು ಬಂತು.

ಆಮೇಲೆ ಅವನು ಕೈ ತೊಳೆಯಲು ಧಕ್ಕೆಗೆ ಹಾರಿದ. ಮೇಜಿನ ಮೇಲಿದ್ದ ಗಾಜಿನ ಲೋಟ ತಾನಾಗಿಯೇ ಬಲಕ್ಕೆ ಹೊರಟಿತು.

ಮುಕ್ಕಾಲು ಅದನ್ನು ಹಿಡಿದು ಮತ್ತೆ ನಡುವೆ ಇಟ್ಟಳು. ಅದು ಮತ್ತೆ ಹೊರಟಿತು. ಗೋಡೆಯ ಕೊಕ್ಕೆಯಲ್ಲಿದ್ದ ಟವೆಲು ಗೋಡೆಯನ್ನು ಬಿಟ್ಟು ಗಾಳಿಯಲ್ಲಿ ಓರೆಯಾಗಿ ನಿಂತಿತ್ತು. ಟವೆಲು ನೆಟ್ಟಗೇ ಇದೆ, ಓರೆಯಾದದ್ದು ಗೋಡೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಗಂಡ ಮರಳಿ ಬಂದು ಎಡ ಮಂಚದ ಮೇಲೆ ಕೂತ. ಟವೆಲು ಗೋಡೆಗೆ ಒರಗಿತು, ಲೋಟ ನಿಂತಿತು. "ರೀ, ಒಂದ್ಸಲ ಏಳಿ" ಎಂದಳು. ಎದ್ದು ಏಣಿ ಹತ್ತಿದ, ಲೋಟ ಹೊರಟಿತು. "ಕೂತ್ಕೊಳ್ಳಿ." ಲೋಟ ನಿಂತಿತು.

ಬಲಗಡೆಯ ಮಂಚದ ಕೆಳಗೆ ಅತ್ತೆ ಎಂದೋ ಜೋಡಿಸಿಟ್ಟ ಸರಪಳಿ, ಇನ್ನೊಂದು ಲಂಗರು, ಸಲಕರಣೆಯ ಪೆಟ್ಟಿಗೆ ಇದ್ದವು. ಅವನ್ನು ಸುಮ್ಮನೆ ಇಟ್ಟದ್ದಲ್ಲ. ಎಡಗಡೆಯ ಸೀಸಕ್ಕೆ ಸರಿತೂಗುವಂತೆ ಇಟ್ಟದ್ದು. ಈಗ ಸೀಸ ಧಕ್ಕೆಯ ಮೇಲಿದೆ. ಎರಡು ದಿನದಿಂದ ಆ ನಾಲ್ಕು ಬ್ಯಾಟರಿಗಳ ಕೆಲಸವನ್ನು, ಎಡಗಡೆ ಕೂತು ಕೇಬಲ್ಲಿಗೆ ಚೀಲ ಹೊಲಿಯುತ್ತಿದ್ದ ಗಂಡ ಒಬ್ಬನೇ ಮಾಡಿದ್ದ. ಮುಕ್ಕಾಲು ಕಿಟಕಿಯಿಂದ ಹೊರಗೆ ನೋಡಿದಳು. ಧಕ್ಕೆಯ ಆ ತುದಿಯಲ್ಲಿ ಎರಡು ಖಾಲಿ ಚೀಲವನ್ನೂ ಯಂತ್ರದ ಪೆಟ್ಟಿಗೆಯನ್ನೂ ಹಿಡಿದು ಅತ್ತೆ ಬರುತ್ತಿದ್ದಳು. ತೂಕ ನೋಡದೆ ಕೆಲಸ ಮಾಡಿದವರ ಜೊತೆ ಅವಳು ಮಾತೇ ಆಡುವುದಿಲ್ಲ. ಇನ್ನು ಅವರ ಬ್ಯಾಟರಿ ನಂಬಿ ಮಲಗುವುದು ಹೇಗೆ?

"ಏನೇ ಆಗ್ಲಿ, ಅಲ್ಲಿಂದ ಏಳ್ಬೇಡಿ" ಎಂದಳು ಗಂಡನಿಗೆ. "ದೋಣಿಗೆ ಬೆಂಕಿ ಬಿದ್ರೂ."

ದರ್ಜಿ ಹೂಂ ಎಂದ. ಅವನ ಕಷ್ಟ ಬೇರೆ ಇತ್ತು. ಹಿರಿಯರು ನಿಂತಿದ್ದರೆ ಅವನು ಕೂತವನಲ್ಲ. ಬಸ್ಸಿನಲ್ಲಿ ಯಾರಾದರೂ ನರೆಗೂದಲಿನವರು ಹತ್ತಿದರೆ, ತಾನೇ ನಿಂತಿದ್ದರೂ ಇನ್ನಷ್ಟು ಎದ್ದು ನಿಲ್ಲಲು ನೋಡುವವನು. ಅತ್ತೆ ಏಣಿ ಇಳಿದು ಬಂದಾಗ ಅವನ ಸೊಂಟ ಮಂಚದಿಂದ ಒಂದಂಗುಲ ಎದ್ದು, ಹೆಂಡತಿಯ ಕಣ್ಣು ನೋಡಿ ಮತ್ತೆ ಕುಸಿಯಿತು. ಕೂತಲ್ಲೇ ಮೂರು ನಾಲ್ಕು ಸಲ ತಲೆಬಾಗಿಸಿದ.

"ಏನ್ ಅಳಿಯಂದ್ರೇ, ಕಾಲು ಉಳುಕಿದ್ಯಾ?"

ಇಲ್ಲ ಎಂದ, ಹೌದು ಎಂದ, ಸ್ವಲ್ಪ ಎಂದ.

ಅತ್ತೆ ಅವನನ್ನು ಬಿಟ್ಟು ದೀಪಗಳನ್ನು ನೋಡಿದಳು. ಎಲ್ಲ ಉರಿಯುತ್ತಿದ್ದವು. ಅವಳ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಮುಕ್ಕಾಲು ಅದನ್ನು ಹಿಡಿದು ಮೀಟರಿನ ಮುಂದೆ ತಂದು ನಿಲ್ಲಿಸಿ, ಹೊಸ ಬ್ಯಾಟರಿ, ಎಂಜಿನ್ನಿನ ಪ್ರತ್ಯೇಕ ಬ್ಯಾಟರಿ, ಚಾವಣಿಯ ಹಲಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮುಖವಾಡದ ಪಟ್ಟಿ ಸಡಿಲವಾಗಿದೆ, ಇವರು ಹೊಲಿದು ಕೊಡುತ್ತಾರೆ ಎಂಬ ನೆಪದಲ್ಲಿ ಅವಳು ಅತ್ತೆಯಿಂದ ಯಂತ್ರವನ್ನೂ ತರಿಸಿದ್ದಳು. ಅದನ್ನು ಹಚ್ಚಿ ತೋರಿಸಿದಳು. ಯಂತ್ರ ಸುಸೂತ್ರವಾಗಿ ಉಸಿರಾಡಿತು. ಅತ್ತೆ ಕರೆಂಟಿನ ಕೆಟಲ್ಲಿನಲ್ಲಿ ನೀರು ಕಾಯಿಸಿ ತಾನೇ ಚಹಾ ಮಾಡಿದಳು. ಕಾಲು ಉಳುಕಿದ ಅಳಿಯನಿಗೆ ಮೊದಲು ಎಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

ಅಷ್ಟು ಹಿರಿಯರು ಎರಡು ಕೈಯಲ್ಲಿ ಕೊಟ್ಟದ್ದನ್ನು ಕೂತು ತೆಗೆದುಕೊಳ್ಳುವುದು ದರ್ಜಿಯ ಮೈಯಲ್ಲಿ ಇರಲಿಲ್ಲ. ಅವನು ಎದ್ದ; ಎದ್ದದ್ದಷ್ಟೇ ಅಲ್ಲ, ಎರಡು ಹೆಜ್ಜೆ ಮುಂದೆ ಬಂದ. ದೋಣಿ ನಿಧಾನವಾಗಿ ಬಲಕ್ಕೆ ವಾಲಿತು. ಫ್ರಿಜ್ಜಿನ ಬಾಗಿಲು ತೆರೆದುಕೊಂಡಿತು, ಗಡ್ಡದ ಮೆಷಿನ್ನು ನೆಲಕ್ಕೆ ಹಾರಿತು, ಕೆಟಲ್ಲು ಮೇಜಿನ ಅಂಚಿಗೆ ಜಾರಿತು. ಅತ್ತೆ ಅತ್ತ ನೋಡದೆಯೇ ಕೈ ಚಾಚಿ ಅದನ್ನು ಹಿಡಿದಳು.

ಯಂತ್ರ ಮಾತ್ರ ಉಸಿರಾಡುತ್ತಿತ್ತು.

"ಎಷ್ಟು ಇಳಿಸಿದ್ರಿ?" ಅತ್ತೆ ಕೇಳಿದಳು.

"ನಾಲ್ಕು" ಎಂದಳು ಮುಕ್ಕಾಲು.

"ಎಣಿಕೆ ಕೇಳ್ಲಿಲ್ಲ. ತೂಕ."

ಗಂಡ ಹೆಂಡತಿ ನೆಲ ನೋಡಿದರು. ಓರೆಯಾಗಿದ್ದುದರಿಂದ ಅದನ್ನು ನೋಡಲೂ ತಲೆ ವಾರೆ ಮಾಡಬೇಕಿತ್ತು. ಅತ್ತೆ ಧ್ವನಿ ಎತ್ತದೆ ಹೇಳಿದ್ದೇನೆಂದರೆ, ತಾನು ಇದ್ದ ಬಂದರಿನಲ್ಲಿ ತೂಕ ನೋಡದೆ ಕೊಕ್ಕೆಗೆ ಸಾಮಾನು ಸಿಕ್ಕಿಸಿದವನನ್ನು ಅವತ್ತೇ ಗೇಟಿನ ಹೊರಗೆ ಬಿಡುತ್ತಿದ್ದರು, ಅವನ ಊಟದ ಡಬ್ಬಿಯನ್ನು ಹಿಂದಿನಿಂದ ಕಳಿಸುತ್ತಿದ್ದರು. ಹೇಳುತ್ತಲೇ ಖಾಲಿ ಚೀಲವೊಂದನ್ನು ಕೊಡವಿ ತನ್ನ ದಿಂಬನ್ನು ಅದರೊಳಗೆ ತುರುಕಿದಳು.

"ತೂಕ ನೋಡ್ಲಿಲ್ಲ ಅತ್ತೆ, ನಿಜ" ಎಂದಳು ಮುಕ್ಕಾಲು. "ನೀನು ಬರ್ಬೇಕು ಅನ್ನೋದೊಂದೇ ತಲೇಲಿತ್ತು. ಬೇರೇನೂ ನೋಡ್ಲಿಲ್ಲ. ಈಗ ಬೈಯೋದಾದ್ರೆ ದ್ವೀಪಕ್ಕೆ ಬಂದು ಬೈ."

ಅತ್ತೆ ಅರ್ಧ ತುಂಬಿದ ಚೀಲ ಹಿಡಿದು ಮೀಟರನ್ನು ನೋಡಿದಳು.

"ಲೋಡ್ ಟೆಸ್ಟ್ ಆಗಿದ್ಯಾ?"

ಇಲ್ಲ ಎಂದರು ಇಬ್ಬರೂ, ಅದೇನೆಂದು ತಿಳಿಯದೆಯೇ. ಅತ್ತೆ ಚೀಲ ಕೆಳಗಿಟ್ಟು ವಿವರಿಸಿದಳು. ಹೊಸ ಕ್ರೇನಿನ ಮೇಲೆ ಎಷ್ಟು ಎತ್ತುತ್ತದೆ ಎಂದು ಬರೆದಿದ್ದರೂ ಅದನ್ನು ಯಾರೂ ನಂಬುವುದಿಲ್ಲ. ಬರೆದದ್ದಕ್ಕಿಂತ ಕಾಲು ಭಾಗ ಹೆಚ್ಚು ಎತ್ತಿಸಿ ನೋಡಬೇಕು. ನಿಂತಲ್ಲಿ ಎತ್ತಿದರೆ ಸಾಲದು, ಎತ್ತಿಕೊಂಡು ತಿರುಗಬೇಕು, ನಡೆಯಬೇಕು. ಹಾಗೆಯೇ ಇಲ್ಲೂ. ಎಲ್ಲ ದೀಪ, ಫ್ಯಾನು, ಫ್ರಿಜ್ಜು, ಅದರ ಮೇಲೆ ಈ ಇಸ್ತ್ರಿ ಪೆಟ್ಟಿಗೆ. ಎಂಜಿನ್ನು ಹಚ್ಚುವಂತಿಲ್ಲ; ಹಾಯಿ ಬಿಚ್ಚಿ ಕೊಲ್ಲಿಯ ಬಾಯಲ್ಲಿ ತೇಲುವ ಕೆಂಪು ಪೀಪಾಯಿಯವರೆಗೆ ಹೋಗಿ ಬರಬೇಕು. ತಾನು ಒಳಗೆ ಮುಖವಾಡ ಹಾಕಿ ಮಲಗಿರುತ್ತೇನೆ.

"ಮೆಷಿನ್ನು ಒಂದ್ಸಲ ನಿಂತ್ರೂ ಮುಗೀತು. ನನ್ನ ದಿಂಬು ನನಗೆ, ದೋಣಿ ಯಾರಿಗೋ. ಆಮೇಲೆ ಅತ್ತೂ ಕರೆದೂ ಮಾಡಂಗಿಲ್ಲ."

ಮುಕ್ಕಾಲು ಒಪ್ಪಿದಳು.

ಹಡಗೆಂದರೆ ಚಿತ್ರದಲ್ಲೂ ನೋಡಲಾರದ ದರ್ಜಿ ತಾನಿನ್ನು ಅಂಗಡಿ ತೆರೆಯಬೇಕು ಎಂದು ಮೆಲ್ಲಗೆ ಏಳಲು ಹೋದ. "ನೀವು ಕೂತಿರಿ" ಎಂದಳು ಅತ್ತೆ. "ಸದ್ಯಕ್ಕೆ ಎಡಗಡೆ ಬ್ಯಾಟರಿ ನೀವೇ." ಅಷ್ಟರಲ್ಲಿ ಹೊಸ ಏರ್ಪಾಡು ನೋಡಲು ಕ್ಯಾಪ್ಟನ್ ಬಾಗಿಲಿನಿಂದ ಟೋಪಿ ಇಳಿಬಿಟ್ಟ. ಅತ್ತೆ ಅವನನ್ನೂ ಮೇಲಿಂದ ಕೆಳಕ್ಕೆ ನೋಡಿ, ಐವತ್ತೆಂಟು, ಟೋಪಿ ಸೇರಿ ಎಂದು ಗೊಣಗಿ, ಒಳಗೆ ಬನ್ನಿ, ಇಸ್ತ್ರಿ ಬರುತ್ತದಾ ಎಂದು ಕೇಳಿದಳು. ಅವಿವಾಹಿತನಾದ ಕ್ಯಾಪ್ಟನ್ನಿಗೆ ಬದುಕಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಅವನು ಹೆಮ್ಮೆಯಿಂದ ಇಳಿದು ಬಂದು, ಅಂಗಿ ಕಳಚಿ, ಬನಿಯನ್ನಿನಲ್ಲಿ ನಿಂತು ಅಂಗಿಯ ಕಾಲರಿನಿಂದಲೇ ಶುರು ಮಾಡಿದ. ಅವನು ತೋಳಿಗೆ ಬರುವಷ್ಟರಲ್ಲಿ ಮುಕ್ಕಾಲು ಹಗ್ಗ ಬಿಚ್ಚಿದ್ದಳು. ಬೆನ್ನಿಗೆ ಬರುವಷ್ಟರಲ್ಲಿ ಧಕ್ಕೆ ಕಿಟಕಿಯಲ್ಲಿ ಇರಲಿಲ್ಲ.

ಅತ್ತೆ ಜೇಬಿನಿಂದ ಸೀಟಿ ತೆಗೆದು ಒಂದು ಸಲ ದೀರ್ಘವಾಗಿ ಊದಿದಳು. ಅವಳ ಬಂದರಿನಲ್ಲಿ ಟೆಸ್ಟಿಗೆ ಮೊದಲು ಎಲ್ಲರೂ ದೂರ ಸರಿಯಲೆಂದು ಹಾಗೆ ಊದುತ್ತಿದ್ದರು. ಈ ಕ್ಯಾಬಿನ್ನಿನಲ್ಲಿ ಸರಿಯಲು ಯಾರಿಗೂ ಜಾಗವಿರಲಿಲ್ಲ. ಆಮೇಲೆ ಬಲ ಮಂಚದ ಮೇಲೆ ಮಲಗಿ, ಮುಖವಾಡ ಎಳೆದುಕೊಂಡು ಕಣ್ಣು ಮುಚ್ಚಿದಳು. ಗಾಳಿಗೆ ತೂಗುವ ಗಾಜಿನ ಗೂಡಿನಲ್ಲಿ ಊಟದ ಬಿಡುವಿನ ನಿದ್ದೆ ತೆಗೆದು ಅಭ್ಯಾಸವಿದ್ದವಳು. ಮೊದಲ ಅಲೆ ದೋಣಿಯ ಮೂತಿಗೆ ಬಡಿಯುವ ಮೊದಲೇ ಅವಳ ಕೈ ಎದೆಯಿಂದ ಜಾರಿತು.

ಹೊರಗೆ ಚುಕ್ಕಾಣಿ ಹಿಡಿದಿದ್ದ ಮುಕ್ಕಾಲಿಗೆ ಏಣಿಯ ಬಾಗಿಲಿನಿಂದ ಇಡೀ ಕ್ಯಾಬಿನ್ನು ನಾಟಕದ ರಂಗದಂತೆ ಕಾಣುತ್ತಿತ್ತು. ಗಾಳಿ ಎಡದಿಂದ. ಹಾಯಿ ತುಂಬಿಕೊಂಡಿತು, ದೋಣಿ ಬಲಕ್ಕೆ ವಾಲಿ ಓಡತೊಡಗಿತು. ಈ ವಾಲು ಗಾಳಿಯದು, ಮರ್ಯಾದಸ್ಥ ವಾಲು. ಬಿಸಿಲಿನಲ್ಲಿ ಎಲ್ಲ ದೀಪ ಹಚ್ಚಿಕೊಂಡು, ಒಳಗೆ ಇಸ್ತ್ರಿ ಮಾಡಿಸುತ್ತಾ ಸಮುದ್ರದ ಮೇಲೆ ಹೋಗುತ್ತಿರುವುದು ಪ್ರಪಂಚದಲ್ಲಿ ಈಗ ತಾವು ಮಾತ್ರ ಎಂದು ಹೊಳೆದು ಅವಳಿಗೆ ಗಟ್ಟಿಯಾಗಿ ನಗಬೇಕೆನಿಸಿತು. ನಕ್ಕರೆ ಅತ್ತೆ ಎದ್ದಾಳು. ತುಟಿ ಕಚ್ಚಿಕೊಂಡಳು. ಒಳಗೆ ಗಂಡ ಎಡ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ವಾಂತಿ ಬರುತ್ತದೋ ಎಂದು ಕಾಯುತ್ತಾ ಕೂತಿದ್ದ. ಕ್ಯಾಪ್ಟನ್ ಕಿಟಕಿ ನೋಡದೆ ಇಸ್ತ್ರಿ ಮಾಡುತ್ತಿದ್ದ. ನೋಡದಿದ್ದರೆ ಧಕ್ಕೆ ಇನ್ನೂ ಅಲ್ಲೇ ಇರುತ್ತದೆ ಎಂ‌ಬಂತೆ.

ಪೀಪಾಯಿ ಕಣ್ಣಿಗೆ ಬೀಳುವ ಹೊತ್ತಿಗೆ ಗಂಡ ಏಣಿಯ ಕಡೆ ಕತ್ತು ಚಾಚಿ ಪಿಸುಗುಟ್ಟಿದ.

"ಲೇ, ನನಗೆ ಕೆಳಗೆ ಬೆಚ್ಚಗಾಗ್ತಿದೆ."

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವನು ಕೂತ ಮಂಚದ ಕೆಳಗೆ ಕೇಬಲ್ಲಿನ ಸಿಂಬಿ ಇತ್ತು. ಸುತ್ತಿದ ಕೇಬಲ್ಲು, ಅದರ ಮೇಲೆ ಹತ್ತಿಯ ಚೀಲ, ಅದರೊಳಗೆ ಇಸ್ತ್ರಿಯ ಅಷ್ಟೂ ಕರೆಂಟು. ಹೀಗೇ ಕಾಯುತ್ತಾ ಹೋದರೆ ಮೇಲಿನ ರಬ್ಬರು ಕರಗಿ ಫ್ಯೂಸ್ ಹಾರುತ್ತದೆ, ಯಂತ್ರ ನಿಲ್ಲುತ್ತದೆ. ಇಸ್ತ್ರಿ ಆರಿಸಿಬಿಟ್ಟರೆ ಎಲ್ಲ ಸರಿ, ಆದರೆ ಅದು ಟೆಸ್ಟಿನಲ್ಲಿ ಕದ್ದು ನೋಡಿ ಬರೆದಂತೆ. ಅತ್ತೆಗೆ ಗೊತ್ತಾಗಲಿಕ್ಕಿಲ್ಲ. ತನಗೆ ಗೊತ್ತಿರುತ್ತದಲ್ಲ, ದ್ವೀಪದಲ್ಲಿ ಪ್ರತಿ ಸಲ ಯಂತ್ರದ ಸದ್ದು ಕೇಳುವಾಗಲೂ ಗೊತ್ತಿರುತ್ತದೆ. ಚುಕ್ಕಾಣಿ ಬಿಟ್ಟು ಇಳಿಯುವಂತೆಯೂ ಇಲ್ಲ.

"ಚೀಲ ಕಿತ್ತುಹಾಕಿ" ಎಂದು ಪಿಸುಗುಟ್ಟಿದಳು. "ಸುತ್ತು ಬಿಡಿಸಿ. ಉದ್ದಕ್ಕೆ ಎಳೀರಿ."

ಹೊಲಿದದ್ದನ್ನು ಬಿಚ್ಚುವುದೆಂದರೆ ದರ್ಜಿಗೆ ಮುಖ ಬಾಡುತ್ತದೆ. ಆದರೂ ಬಗ್ಗಿ, ಹಲ್ಲಿನಿಂದ ದಾರ ಕಡಿದು ಚೀಲ ಹರಿದ. ಸುರುಳಿ ಬಿಡಿಸಿದ ಕೇಬಲ್ಲನ್ನು ಸೀರೆಯ ಅಂಚು ತೋರಿಸುವವನಂತೆ ಎರಡೂ ಕೈಯಲ್ಲಿ ಉದ್ದಕ್ಕೆ ಹಿಡಿದು ಫ್ಯಾನಿನ ಗಾಳಿಗೆ ಒಡ್ಡಿ ಕೂತ. ವಾಂತಿಯ ವಿಷಯ ಅವನಿಗೆ ಮರೆತೇಹೋಯಿತು. ಆಗಾಗ ಕೆನ್ನೆಗೆ ತಾಗಿಸಿ ನೋಡಿ ತಲೆಯಾಡಿಸುತ್ತಿದ್ದ: ಇನ್ನೂ ಬಿಸಿ. ಸ್ವಲ್ಪ ಬಿಸಿ. ಪರವಾಗಿಲ್ಲ.

ಯಂತ್ರ ಉಸಿರಾಡುತ್ತಲೇ ಇತ್ತು.

ಕೆಂಪು ಪೀಪಾಯಿ ಪಕ್ಕದಲ್ಲೇ ತೂಗಾಡಿತು. ಇಲ್ಲಿ ತಿರುಗಬೇಕು. ಹಿಂದಕ್ಕೆ ತಿರುಗಿದರೆ ಗಾಳಿ ಬೆನ್ನಿಗೆ ಬರುತ್ತದೆ, ನೋಡನೋಡುತ್ತಲೇ ಧಕ್ಕೆ. ಹಗ್ಗ, ಕೂಗು, ಗದ್ದಲ, ಅತ್ತೆ ಏಳುತ್ತಾಳೆ. ಟೆಸ್ಟು ಪಾಸಾಗುತ್ತದೆ. ಮುಕ್ಕಾಲು ಒಳಗೆ ನೋಡಿದಳು. ಮುಖವಾಡದ ಹಿಂದೆ ಅತ್ತೆಯ ಬಾಯಿ ಸ್ವಲ್ಪ ತೆರೆದಿತ್ತು. ಎಚ್ಚರವಿದ್ದಾಗ ಯಾವಾಗಲೂ ಏನನ್ನೋ ಎತ್ತುತ್ತಿರುವಂತೆ ಗಂಟಿಕ್ಕಿರುತ್ತಿದ್ದ ಹುಬ್ಬುಗಳು ಬಿಚ್ಚಿಕೊಂಡು, ಎಲ್ಲವನ್ನೂ ಕೆಳಗಿಟ್ಟವಳ ಹಾಗೆ ಮಲಗಿದ್ದಳು. ತಾನು ಇಷ್ಟು ವರ್ಷ ಅವಳ ಜೊತೆ ಈ ದೋಣಿಯಲ್ಲಿ ಮಲಗಿ ಎದ್ದಿದ್ದರೂ ಅವಳು ನಿದ್ದೆ ಮಾಡುವುದನ್ನು ನೋಡುತ್ತಿರುವುದು ಇದೇ ಮೊದಲೆಂದು ಮುಕ್ಕಾಲಿಗೆ ಅನಿಸಿತು. ಅವಳು ಏಣಿಯ ಕಡೆ ಬಗ್ಗಿ, ತಿರುಗಿಸುತ್ತಿದ್ದೇನೆ, ಇಬ್ಬರೂ ಬಲಕ್ಕೆ ಬನ್ನಿ, ಸದ್ದಾಗಬಾರದು ಎಂದಳು.

ಹಾಯಿ ಮಗ್ಗುಲು ಬದಲಾಯಿಸಿತು. ನೆಲ ಈ ಕಡೆಯಿಂದ ಆ ಕಡೆಗೆ ವಾಲಿತು. ಕ್ಯಾಪ್ಟನ್ ಕಾದ ಇಸ್ತ್ರಿಯನ್ನು ದೀಪದಂತೆ ತಲೆಯ ಮೇಲೆ ಎತ್ತಿ ಹಿಡಿದು ತುದಿಗಾಲಿನಲ್ಲಿ ನಡೆದ. ದರ್ಜಿ ಕೇಬಲ್ಲನ್ನು ಎಳೆಯದಂತೆ, ಬಿಡದಂತೆ, ಮಂಡಿಯೂರಿ ತೆವಳಿ ಬಂದ. ಅತ್ತೆ ಮಂಚದ ಅಂಚಿಗೆ ಉರುಳುತ್ತಾ ಬಂದಳು. ಇಬ್ಬರೂ ನೆಲದಲ್ಲಿ ಕೂತು ಬೆನ್ನು ಕೊಟ್ಟು ಗೋಡೆಯಾದರು. ಅವಳು ನಿದ್ದೆಯಲ್ಲೇ ಆ ಗೋಡೆಯನ್ನೊಮ್ಮೆ ತಟ್ಟಿ ನೋಡಿ, ಗಟ್ಟಿಯಾಗಿದೆ ಎನಿಸಿತೇನೋ, ಮಗ್ಗುಲಾಗಿ ಮಲಗಿದಳು.

ದೋಣಿ ಧಕ್ಕೆಯ ಕಡೆ ತಿರುಗಿರಲಿಲ್ಲ. ಅದು ಗಂಡಸರಿಬ್ಬರಿಗೂ ಸ್ವಲ್ಪ ತಡವಾಗಿ ತಿಳಿಯಿತು. ಕ್ಯಾಪ್ಟನ್ ಕೊನೆಗೂ ಕಿಟಕಿ ನೋಡಿದ. ಅಲ್ಲಿ ನೀರಿತ್ತು, ಅದರಾಚೆಯೂ ನೀರಿತ್ತು. ಅವನು ಟೋಪಿಯನ್ನು ನೆಟ್ಟಗೆ ಮಾಡಿಕೊಂಡು, ತನ್ನ ಅಂಗಿ ಮುಗಿಯಿತು, ಇನ್ನೇನಾದರೂ ಇದೆಯೇ ಎಂದು ಪಿಸುಗುಟ್ಟಿ ಕೇಳಿದ. ಟೆಸ್ಟು ನಡೆಯುತ್ತಿರಬೇಕಾದರೆ ಇಸ್ತ್ರಿ ನಡೆಯುತ್ತಿರಬೇಕಲ್ಲ. ದರ್ಜಿ ಅಂಗಿ ಕಳಚಿ ಕೊಟ್ಟ. ಅದಾದ ಮೇಲೆ ದಿಂಬಿನ ಹೊದಿಕೆಗಳು, ಟವೆಲು, ಪಾತ್ರೆ ಒರೆಸುವ ಬಟ್ಟೆ. ಮುಕ್ಕಾಲು ಮೇಲಿನಿಂದ ತನ್ನ ದುಪಟ್ಟಾ ಎಸೆದಳು. ಪೆಟ್ಟಿಗೆಯಲ್ಲಿ ವರ್ಷಗಳಿಂದ ಮುದುರಿ ಬಿದ್ದಿದ್ದ ಬಣ್ಣಬಣ್ಣದ ಸಂಕೇತದ ಬಾವುಟಗಳು ಸಿಕ್ಕವು. ಕ್ಯಾಪ್ಟನ್ ಅವುಗಳನ್ನು ಒಂದೊಂದಾಗಿ ಚಪ್ಪಟೆ ಮಾಡಿ, ಇದು 'ನನಗೆ ನೆರವು ಬೇಕು', ಇದು 'ನನ್ನಿಂದ ದೂರವಿರಿ' ಎಂದು ಪುಸ್ತಕದಲ್ಲಿ ಓದಿದ್ದನ್ನು ಪಿಸುಮಾತಿನಲ್ಲಿ ಹೇಳುತ್ತಾ ಮಡಿಸಿಟ್ಟ. ಮೀಟರು ಇಳಿಯುತ್ತಿತ್ತು, ಆದರೆ ಅವಸರದಲ್ಲಿರಲಿಲ್ಲ. ಮೇಲೆ ಬಿಸಿಲು ಹಲಗೆಯನ್ನು ತುಂಬುತ್ತಿತ್ತು.

ದೀಪಸ್ತಂಭ ಮೊದಲು ಒಂದು ಕಡ್ಡಿಯಂತೆ ಕಂಡಿತು. ಆಮೇಲೆ ಅದರ ಕಾಲಬುಡದಲ್ಲಿ ದ್ವೀಪ ಮೂಡಿತು. ಅಷ್ಟರಲ್ಲೇ ಅತ್ತೆ ಎದ್ದದ್ದು. ಮುಖವಾಡ ಹಣೆಗೆ ಸರಿಸಿ ಕೂತಳು. ಎದುರಿಗೆ ಬನಿಯನ್ನಿನಲ್ಲಿ ಇಬ್ಬರು ಗಂಡಸರು. ಒಬ್ಬನ ಕೈಯಲ್ಲಿ ಕೇಬಲ್ಲು, ಒಬ್ಬನ ಕೈಯಲ್ಲಿ ಇಸ್ತ್ರಿ. ಸುತ್ತ ಅಂಗಡಿಯಂತೆ ಮಡಿಸಿಟ್ಟ ಬಟ್ಟೆ.

"ನಿಲ್ತಾ?" ಎಂದು ಕೇಳಿದಳು.

"ಇಲ್ಲ" ಎಂದಳು ಮುಕ್ಕಾಲು ಮೇಲಿನಿಂದ. "ಒಂದ್ಸಲಾನೂ ಇಲ್ಲ."

ಅತ್ತೆ ಮೀಟರು ನೋಡಿದಳು. ಕೇಬಲ್ಲು ಮುಟ್ಟಿ ನೋಡಿ, ಇದನ್ನು ನಾಳೆ ಅರ್ಧ ಕತ್ತರಿಸಬೇಕು ಎಂದು ಅಳಿಯನಿಗೆ ಹೇಳಿದಳು. ಏಣಿಯ ಎರಡು ಮೆಟ್ಟಿಲು ಹತ್ತಿ ತಲೆ ಹೊರಗೆ ಹಾಕಿದಳು. ಕೆಂಪು ಪೀಪಾಯಿ ಎಲ್ಲೂ ಇರಲಿಲ್ಲ. ದ್ವೀಪ ಇತ್ತು. ಅವಳು ಅದನ್ನು ನೋಡಿದಳು, ಅಣ್ಣನ ಮಗಳನ್ನು ನೋಡಿದಳು. ಇಡೀ ಮುಖ ನಗುವಿಗೆ ತಯಾರಾಗಿ, ನಗದೆ ಹಾಗೇ ತಡೆದು ನಿಂತಿತು.

"ಮುಟ್ಟಿದ ಮೇಲೆ ಎಬ್ಬಿಸು" ಎಂದು ಹೇಳಿ, ಒಳಗಿಳಿದು, ಮುಖವಾಡ ಎಳೆದುಕೊಂಡು ಮಲಗಿದಳು.

ಮುಕ್ಕಾಲು ಈಗ ನಗುತ್ತಿದ್ದಳು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಕೆಳಗೆ ಕ್ಯಾಪ್ಟನ್ ಕೊನೆಯ ಬಾವುಟವನ್ನು ಮಡಿಸಿ ಮೇಲಿಟ್ಟು, ಇಸ್ತ್ರಿ ಹಿಡಿದು ಅತ್ತಿತ್ತ ನೋಡಿದ. ದೋಣಿಯಲ್ಲಿ ಸುಕ್ಕಿರುವ ಬಟ್ಟೆ ಒಂದೂ ಉಳಿದಿರಲಿಲ್ಲ. ದರ್ಜಿ ಒಂದು ಕ್ಷಣ ಯೋಚಿಸಿದ, ಮಲಗಿದ ಅತ್ತೆಗೆ ಬೆನ್ನು ತಿರುಗಿಸಿದ, ಪ್ಯಾಂಟಿನ ಬೆಲ್ಟಿಗೆ ಕೈ ಹಾಕಿದ.